ಸೈಕಲ್ ಕಲಿಸಿದ ವಿದ್ಯೆ

(ಸಂಘದ ಬೇಸಿಗೆ ಶಿಬಿರದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ವೃತ್ತಿ ಮಾರ್ಗದರ್ಶನದ ಬಗ್ಗೆ ಎರಡು ಮಾತು ಹೇಳಬೇಕೆಂದು ಸಂಘಟಕರು ಕೇಳಿಕೊಂಡಾಗ ನಾನು ಆರಿಸಿಕೊಂಡ ವಿಷಯ ಸೈಕಲ್ ರಿಪೇರಿ. ಡಾಕ್ಟರ್, ಎಂಜಿನಿಯರ್ ಆಗಲು ಹೊರಟ ಮಕ್ಕಳಿಗೆ ಪಂಕ್ಚರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದರಲ್ಲೂ 'ಪಂಕ್ಚರ್ ಹಾಕುವವರು' ಎಂದು ನಮ್ಮ ಸಮುದಾಯವನ್ನು ಹಂಗಿಸುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಆ ಹಂಗಿಕೆಗೆ ಉತ್ತರವನ್ನು ಆ ಕೆಲಸದಲ್ಲಿಯೇ ಹುಡುಕೋಣ.

ನಾನು ಬೆಳೆದದ್ದು 1970ರ ದಶಕದ ದಾವಣಗೆರೆಯಲ್ಲಿ. ಹತ್ತಿ ಗಿರಣಿಗಳ ಊರು. ಪಾಳಿ ಬಿಟ್ಟಾಗ ಬೀದಿ ತುಂಬ ಸೈಕಲ್ಲುಗಳು. ನಮ್ಮ ಓಣಿಯ ಷಾಪಿನಲ್ಲಿ ಬಾಡಿಗೆ ಗಂಟೆಗೆ ನಾಲ್ಕಾಣೆ. ನಾವು ಮೂರು ಜನ ಗೆಳೆಯರು ಕಾಸು ಸೇರಿಸಿ, ತಲಾ ಇಪ್ಪತ್ತು ನಿಮಿಷ ಹಂಚಿಕೊಳ್ಳುತ್ತಿದ್ದೆವು. ಸೀಟು ಎತ್ತರ, ಕಾಲು ಗಿಡ್ಡ. ಹಾಗಾಗಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವುದೇ ಮೊದಲ ಪಾಠ. ಬಾರಿನ ಮೇಲೆ ಕಾಲು ಹಾಕುವ ದಿನ ಬಂತೆಂದರೆ ದೊಡ್ಡವರಾದೆವೆಂದೇ ಲೆಕ್ಕ. ಊರ ಹೊರಗೆ ಜಾಲಿ ಮುಳ್ಳು ಬೇಕಾದಷ್ಟು. ಸವಾರಿ ಕಲಿತಷ್ಟೇ ಬೇಗ ಪಂಕ್ಚರ್ ಹಾಕುವುದನ್ನೂ ಕಲಿಯಬೇಕಾಯಿತು.

ಕಲಿಸಿದವರು ಷಾಪಿನ ಚಾಚಾ. ಅವರ ಬಳಿ ಅಂಗಡಿಯಿಂದ ಕೊಂಡ ಸಲಕರಣೆ ಬಹಳ ಕಡಿಮೆ. ಡಬ್ಬಿಯ ತಗಡಿಗೆ ಮೊಳೆಯಿಂದ ತೂತು ಹೊಡೆದು, ಅದರ ಒರಟು ಬದಿಯಿಂದ ಟ್ಯೂಬ್ ಉಜ್ಜುತ್ತಿದ್ದರು. ತೇಪೆಗೆ ಹಳೆಯ ಟ್ಯೂಬಿನ ತುಂಡು. ಟೈರು ಬಿಚ್ಚಲು ಅಂಚು ನಯ ಮಾಡಿದ ಚಮಚದ ಹಿಡಿ. ಸೈಕಲ್ ಎತ್ತಿ ನಿಲ್ಲಿಸಲು ಜಂತೆಯಿಂದ ಇಳಿಬಿಟ್ಟ ಎರಡು ಹಗ್ಗ, ಒಂದು ಸೀಟಿಗೆ, ಒಂದು ಹ್ಯಾಂಡಲ್ಲಿಗೆ. "ಸೊಲ್ಯೂಷನ್ ಹಚ್ಚಿದ ಕೂಡಲೇ ತೇಪೆ ಹಾಕಬೇಡ ಬೇಟಾ, ಒಣಗಲಿ" ಎನ್ನುತ್ತಿದ್ದರು. ಅದರಲ್ಲಿನ ದ್ರವ ಆರಿದ ಮೇಲೆಯೇ ರಬ್ಬರು ರಬ್ಬರನ್ನು ಹಿಡಿಯುತ್ತದೆ. ರಸಾಯನಶಾಸ್ತ್ರದ ಪಾಠ ನನಗೆ ಆಮೇಲೆ ಸಿಕ್ಕಿತು, ಪ್ರಯೋಗ ಮೊದಲೇ ಸಿಕ್ಕಿತ್ತು.

ಅವರು ಮಾಡಿಕೊಂಡ ಸಾಧನಗಳಲ್ಲಿ ನನಗೆ ಅಚ್ಚುಮೆಚ್ಚಿನದು ಗಾಲಿಯ ಬೆಂಡ್ ತೆಗೆಯುವ ಸ್ಟ್ಯಾಂಡು. ನೀವೂ ಮಾಡಬಹುದು. ಗುಜರಿಯಿಂದ ಮುಂಗಾಲಿಯ ಹಳೆಯ ಫೋರ್ಕು ತನ್ನಿ. ಅದರ ಕಾಲುಗಳು ಮೇಲೆ ಬರುವಂತೆ ತಲೆಕೆಳಗಾಗಿ ದಪ್ಪ ಹಲಗೆಗೆ ಬಿಗಿಯಿರಿ. ಎರಡು ಕಾಲುಗಳಿಗೂ ರಿಮ್ಮಿನ ಮಟ್ಟದಲ್ಲಿ ಒಂದೊಂದು ಮರದ ಪಟ್ಟಿ ಕಟ್ಟಿ, ಪ್ರತಿ ಪಟ್ಟಿಗೂ ಒಂದು ಉದ್ದ ಸ್ಕ್ರೂ ತಿರುಗಿಸಿ. ಸ್ಕ್ರೂವಿನ ತುದಿ ರಿಮ್ಮಿಗೆ ಕೂದಲೆಳೆಯಷ್ಟು ಹತ್ತಿರವಿರಲಿ. ಮುಂಗಾಲಿ ಕೂರಿಸಿ ನಿಧಾನವಾಗಿ ತಿರುಗಿಸಿ. ಎಡಗಡೆಯ ಸ್ಕ್ರೂವಿಗೆ ರಿಮ್ ತಾಗಿತೆಂದರೆ, ಆ ಜಾಗದಲ್ಲಿ ಬಲಬದಿಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿ ಮಾಡಿ, ಎಡಬದಿಯವನ್ನು ಅಷ್ಟೇ ಸಡಿಲಿಸಿ. ಮತ್ತೆ ತಿರುಗಿಸಿ ನೋಡಿ. ಅವಸರ ಮಾಡಿದರೆ ಬೆಂಡ್ ಇನ್ನೊಂದು ಕಡೆಗೆ ಹೋಗುತ್ತದೆ. ಕೊನೆಗೆ ಗಾಲಿಯನ್ನು ಮಗುಚಿ ಕೂರಿಸಿದರೆ ರಿಮ್ ನಡುವೆ ಇದೆಯೋ ಇಲ್ಲವೋ ತಿಳಿಯುತ್ತದೆ.

ಗಾಲಿ ನಿಂತಿರುವುದು ಕಡ್ಡಿಗಳ ಎಳೆತದ ಮೇಲೆ. ಒಂದು ಕಡ್ಡಿ ಸಡಿಲವಾದರೆ ಅದರ ಪಾಲಿನ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ. ಬೆರಳಿನಿಂದ ಮೀಟಿದರೆ ಬಿಗಿಯಾದದ್ದು ಒಂದು ದನಿ ಕೊಡುತ್ತದೆ, ಸಡಿಲಾದದ್ದು ಇನ್ನೊಂದು. ಚಾಚಾ ಕಿವಿಯಿಂದಲೇ ಗಾಲಿ ಸರಿಮಾಡುತ್ತಿದ್ದರು. ಭೌತಶಾಸ್ತ್ರದಲ್ಲಿ ಬಲ, ಎಳೆತ, ಕಂಪನ ಎಂದು ನೀವು ಓದುವುದು ಇದನ್ನೇ.

ಕೈಕೆಲಸದಿಂದ ಜ್ಞಾನ ಬೆಳೆದ ನಿದರ್ಶನ ಇತಿಹಾಸದಲ್ಲಿಯೂ ಇದೆ. 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನ ಪಶುವೈದ್ಯರು. ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಕೈಯಾರೆ ಮಾಡಿದ್ದರು. 1903ರಲ್ಲಿ ವಿಮಾನ ಹಾರಿಸಿದ ರೈಟ್ ಸಹೋದರರು ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದವರು. ರೆಕ್ಕೆಯ ಆಕಾರ ಪರೀಕ್ಷಿಸಲು 1901ರಲ್ಲಿ ತಾವೇ ಗಾಳಿಸುರಂಗ ಕಟ್ಟಿದರು. ಅದರೊಳಗಿನ ಅಳತೆಯ ತಕ್ಕಡಿಗೆ ಬಳಸಿದ್ದು ಗರಗಸದ ಹಳೆಯ ಬ್ಲೇಡು ಮತ್ತು ಸೈಕಲ್ ಕಡ್ಡಿ! ಅವರ ವಿಮಾನದ ಪ್ರೊಪೆಲ್ಲರ್ ತಿರುಗಿದ್ದೂ ಸೈಕಲ್ ಮಾದರಿಯ ಚೈನಿನಿಂದ.

ಹಾಗಾದರೆ ನಮ್ಮ ಚಾಚಾರಿಗೂ ಅವರಿಗೂ ವ್ಯತ್ಯಾಸವೇನು? ರೈಟ್ ಸಹೋದರರಿಗೆ ಓದಲು ಪುಸ್ತಕವಿತ್ತು, ಅಳೆದದ್ದನ್ನು ಬರೆದಿಡುವ ಅಭ್ಯಾಸವಿತ್ತು. ಚಾಚಾ ಎರಡನೇ ಇಯತ್ತೆಗೆ ಶಾಲೆ ಬಿಟ್ಟವರು. ಅವರ ವಿದ್ಯೆ ಅವರೊಂದಿಗೇ ಹೋಯಿತು. ನಾಚಿಕೆಪಡಬೇಕಾದದ್ದು ಪಂಕ್ಚರ್ ಹಾಕಿದ್ದಕ್ಕಲ್ಲ, ಅಂಥ ಕೈಗಳಿಗೆ ಅಕ್ಷರ ಸಿಗದೆ ಹೋದದ್ದಕ್ಕೆ. ಕೈಗೆ ಅಕ್ಷರ ಸೇರಬೇಕು, ಅಕ್ಷರಕ್ಕೂ ಕೈ ಸೇರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ, ದೂರದ ಪ್ರೌಢಶಾಲೆಗೆ ಹೆಣ್ಣುಮಕ್ಕಳು ಸಾಲಾಗಿ ಹೋಗುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಚೈನು ಕಳಚಿ, ಟ್ಯೂಬು ಹೋಗಿ ಜಗಲಿಗೆ ಒರಗಿದ ಸೈಕಲ್ಲುಗಳನ್ನೂ ಕಂಡಿದ್ದೇನೆ. ಸೈಕಲ್ ನಿಂತರೆ ಶಾಲೆ ತಪ್ಪುತ್ತದೆ. "ಅಣ್ಣ ಬಂದು ಸರಿಮಾಡಲಿ" ಎಂದು ಕಾಯಬೇಡಿ. ತೇಪೆ ಹಾಕುವುದು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಕೆಲಸ.

ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ಪ್ರತಿ ಶಾಲೆಯ ಒಂದು ಮೂಲೆಯಲ್ಲಿ ಗಾಲಿಯ ಸ್ಟ್ಯಾಂಡು, ಎರಡು ಹಗ್ಗ, ಒಂದು ಬಾನಿ ನೀರು, ನಾಲ್ಕು ಪಾನ ಇರಲಿ. ಶನಿವಾರ ಒಂದು ಗಂಟೆ ಊರಿನ ಮೆಕ್ಯಾನಿಕ್ ಒಬ್ಬರನ್ನು ಗೌರವದಿಂದ ಕರೆದು 'ಗುರುಗಳೇ' ಎಂದು ಕೂರಿಸಿ. ಹೆಚ್ಚಿನದು ಗುಜರಿಯಲ್ಲೇ ಸಿಗುವುದರಿಂದ ಖರ್ಚು ಅಲ್ಪ.