ಸಂಕ್ರಾಂತಿ ಬಿಸಿಲು, ನವೆಂಬರಿನಲ್ಲಿ

ಬೆಂಗಳೂರಿನ ಗವಿಪುರಂನಲ್ಲಿ ಮೀನಾ ಅಂತ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳೋಣ. ಅವಳಿಗೆ ಆಟಿಸಂ. ಅದು ಅಂಟುಜಾಡ್ಯವಲ್ಲ, ಯಾರ ತಪ್ಪೂ ಅಲ್ಲ. ಅವಳ ಮಿದುಳು ಬೆಳೆದಿರುವ ರೀತಿಯೇ ಬೇರೆ. ಗುಡಿಯ ಗಂಟೆ ಸದ್ದು ನಮಗೆ ಸ್ವಲ್ಪ ಹೊತ್ತಿಗೆ ಮರೆತೇಹೋಗುತ್ತದೆ. ಅವಳಿಗೆ ಹಾಗಲ್ಲ. ಗಂಟೆ, ನೂಕುನುಗ್ಗಲು, ಊದುಬತ್ತಿ ವಾಸನೆ ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಅದಕ್ಕೇ ಗುಡಿಯಲ್ಲಿ ಜನ ತುಂಬುವ ಸಂಕ್ರಾಂತಿ ಬಂತೆಂದರೆ ಅವಳಿಗೆ ಭಯ.

ಇಂಥ ಭಯಕ್ಕೆ ಮಾತೇ ಮದ್ದು. ಅದಕ್ಕೆ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿಗೆಂದೇ ಒಂದು ವಿಭಾಗವಿದೆ. ಆದರೆ ಎಂಥ ಮಾತು?

"ಮನಸ್ಸು ಭಾರವಾಗಿದೆಯಾ ಪುಟ್ಟಿ?"

"ಎಷ್ಟು ಕಿಲೋ?"

ಮೀನಾ ತಮಾಷೆ ಮಾಡುತ್ತಿಲ್ಲ. ಜಾಣ ಸಮಾಲೋಚಕಿ ಆಗ ಪ್ರಶ್ನೆಯನ್ನೇ ಬದಲಿಸುತ್ತಾರೆ: "ಗುಡಿ ಹತ್ತಿರ ಹೋದಾಗ ಎದೆ ಡವಡವ ಅನ್ನುತ್ತಾ? ಅಂಗೈ ಬೆವರುತ್ತಾ?" ಉತ್ತರಗಳನ್ನು ಚೀಟಿಯಲ್ಲಿ ಬರೆದಿಟ್ಟರೆ ಅವಳು ಬೆರಳಿಟ್ಟು ತೋರಿಸಿದರೂ ಸಾಕು. ನನ್ನ ಕಣ್ಣು ನೋಡಿಯೇ ಮಾತಾಡು ಎಂದು ಒತ್ತಾಯಿಸುವುದಿಲ್ಲ. (ಮೇಷ್ಟರುಗಳೂ ಈ ಒತ್ತಾಯ ಬಿಟ್ಟರೆ ಚೆನ್ನ!) ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ: ಆಟಿಸಂ ಇರುವ ಮಕ್ಕಳ ಆತಂಕಕ್ಕೆ ಚಿಕಿತ್ಸೆ ಕೊಡುವಾಗ ಚಿತ್ರ, ಬರಹ ಹೆಚ್ಚಿರಲಿ, ನಡುನಡುವೆ ಬಿಡುವಿರಲಿ, ಮಗುವಿಗೆ ಯಾವುದರ ಹುಚ್ಚಿದೆಯೋ ಅದೂ ಇರಲಿ.

ಮೀನಾಗೆ ಸೂರ್ಯನ ಹುಚ್ಚು. ಜನವರಿ ಮಧ್ಯದ ಸಂಜೆ ಗವಿ ಗಂಗಾಧರೇಶ್ವರ ಗುಡಿಯಲ್ಲಿ ನಂದಿಯ ಕೊಂಬುಗಳ ನಡುವೆ ಬಿಸಿಲು ತೂರಿ ಲಿಂಗದ ಮೇಲೆ ಬೀಳುವುದು ಅವಳಿಗೆ ಗೊತ್ತು. ಸೂರ್ಯ ಮುಳುಗುವ ಜಾಗ ಡಿಸೆಂಬರ್ 21ರ ಸುಮಾರಿನವರೆಗೆ ದಕ್ಷಿಣಕ್ಕೆ ಸರಿಯುತ್ತದೆ, ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸಂಕ್ರಾಂತಿ ಆ ತಿರುವಿನಿಂದ ಸುಮಾರು 24 ದಿನ ಆಚೆ. ಹಾಗಾದರೆ 24 ದಿನ ಈಚೆಗೆ?

ನವೆಂಬರ್ ಕೊನೆ! ನಿಜ, ಆ ದಿನಗಳಲ್ಲೂ ಬಿಸಿಲು ಗವಿಯೊಳಗೆ ಬರುತ್ತದೆ. ಸಂಕ್ರಾಂತಿಯ ಜನಜಂಗುಳಿ ಮಾತ್ರ ಇರುವುದಿಲ್ಲ. ಯಾವತ್ತು ಹೋಗುವುದು, ಜೊತೆಗೆ ಯಾರು, ಸಾಕೆನಿಸಿದಾಗ ಯಾವ ಸನ್ನೆ ಮಾಡುವುದು ಎಂದು ಮೀನಾ, ಸಮಾಲೋಚಕಿ ಇಬ್ಬರೂ ಕೂತು ಬರೆಯುತ್ತಾರೆ. ಸಂಕ್ರಾಂತಿಗೂ ಹೋಗಬೇಕೋ ಬೇಡವೋ, ಅದು ಮೀನಾಗೆ ಬಿಟ್ಟದ್ದು.

ಅವಳ ಅಣ್ಣನಿಗೆ ಎಡಿಎಚ್‌ಡಿ. ಸೋಮಾರಿಯಲ್ಲ, ಗಮನವನ್ನು ಬೇಕಾದ ಕಡೆ ಹಿಡಿದು ನಿಲ್ಲಿಸುವುದೇ ಅವನಿಗೆ ಕಷ್ಟ. ಅವನ ಜೊತೆ ಸಮಾಲೋಚಕಿ ಓಡಾಡುತ್ತಲೇ ಮಾತಾಡುತ್ತಾರೆ, ಒಂದು ಸಲಕ್ಕೆ ಒಂದೇ ಕೆಲಸ ಕೊಡುತ್ತಾರೆ. ಬರಬೇಕಾದ ದಿನ ಮರೆತನೆಂದು ಬೈಯುವುದಿಲ್ಲ. ಮುಂದಿನ ಸಲ ಹಿಂದಿನ ಸಂಜೆಯೇ ಅಮ್ಮನ ಫೋನಿಗೆ ಮೆಸೇಜ್ ಹಾಕುತ್ತಾರೆ.