ಡಂಜನ್ ಆಟಕ್ಕೆ ಬೇರೆಯವರ ಸರಕು: ಎಲ್ಲರ ಹೆಸರೂ ಹಾಕಿದ್ದೆ, ಒಬ್ಬರದು ಬಿಟ್ಟು

ಇವತ್ತಿನ ವಿಷಯ ಸ್ವಲ್ಪ ಬೇರೆ ಥರ. ಮೇಜಿನ ಸುತ್ತ ಕೂತು ಆಡೋ ರೋಲ್‌ಪ್ಲೇಯಿಂಗ್ ಆಟ ಇದೆಯಲ್ಲ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ್ದು, ಅದಕ್ಕೆ ನಾವು ಬೇರೆಯವರು ಮಾಡಿದ ಸರಕನ್ನ ತಂದು ಹಾಕ್ತೀವಿ. ಭೂತ, ನಕ್ಷೆ, ಕತೆ, ಹೊಸ ಹೊಸ ಪಾತ್ರ. ಅದರಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನ ಹೇಳೋಣ ಅಂತಲೇ ಮೈಕ್ ಮುಂದೆ ಕೂತಿದ್ದೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕತೆ ನಡೆಸ್ತಾರೆ, ಅವರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಉಳಿದವರಿಗೆ ತಲಾ ಒಂದು ಪಾತ್ರ. "ನಾನು ಬಾಗಿಲು ಒಡೀತೀನಿ" ಅಂದ್ರೆ ಸಾಲದು, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಒಡೆಯುತ್ತೋ ಇಲ್ವೋ ದಾಳ ಹೇಳುತ್ತೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಅಮೆರಿಕದಲ್ಲಿ ಇದನ್ನ ಪುಸ್ತಕವಾಗಿ ತಂದರು. ತಿಂಗಳುಗಟ್ಟಲೆ ನಡೆಯೋ ಒಂದೇ ಕತೆಗೆ ಕ್ಯಾಂಪೇನ್ ಅಂತಾರೆ.

ನಂದು ಶ್ರೀರಂಗಪಟ್ಟಣ. ಆಡೋರಲ್ಲಿ ಒಬ್ಬ ಪಾಂಡವಪುರದವನು, ಒಬ್ಬ ಕೆ.ಆರ್. ಪೇಟೆಯವನು, ಒಬ್ಬಳು ನಾಗಮಂಗಲದ ಕಡೆಯವಳು. ಎಲ್ಲರಿಗೂ ನಡುವೆ ಸಿಗೋದು ಪಾಂಡವಪುರ, ಹಾಗಾಗಿ ಭಾನುವಾರ ಅವನ ಮನೆ ಮಹಡಿ ಮೇಲೆ ಸೇರ್ತೀವಿ. ಮೊದಲ ದಿನ ನಮ್ಮ ಹತ್ರ ದಾಳವೇ ಇರಲಿಲ್ಲ. ಅವನ ಅಮ್ಮ ಚೌಕಾಬಾರದ ಕವಡೆ ತಂದುಕೊಟ್ರು. ಪ್ರೀತಿಯಿಂದ ಕೊಟ್ಟಿದ್ದು, ಆದರೆ ಲೆಕ್ಕ ಕೈಕೊಡ್ತು. ನಾಲ್ಕು ಕವಡೆ ಎಸೆದರೆ, ಕವಡೆ ಪಕ್ಕಾ ಸಮ ಇದೆ ಅಂತಲೇ ಇಟ್ಕೊಳ್ಳಿ, 16ರಲ್ಲಿ 6 ಸಲ ಎರಡೇ ಬೀಳುತ್ತೆ. ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು ಮುಖಕ್ಕೂ ಅವಕಾಶ ಸಮ. ಆಮೇಲೆ ಫೋನಲ್ಲಿ ದಾಳದ ಆ್ಯಪ್ ಹಾಕ್ಕೊಂಡ್ವಿ. ಆದರೂ ನನಗೆ ಕವಡೆ ಸದ್ದೇ ಇಷ್ಟ.

ಶ್ರೀರಂಗಪಟ್ಟಣದಲ್ಲಿ ಬೆಳೆದವನಿಗೆ ಡಂಜನ್ ಅನ್ನೋ ಪದ ಯಾವ ಆಟದಿಂದಲೂ ಬರಬೇಕಾಗಿಲ್ಲ. ಕೋಟೆ ಒಳಗೆ ಕರ್ನಲ್ ಬೈಲಿ ಡಂಜನ್ ಅಂತ ಬೋರ್ಡೇ ಇದೆ, ನದಿ ಕಡೆ ಇಳಿದು ಹೋಗಬೇಕು. 1780ರಲ್ಲಿ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ವಿಲಿಯಂ ಬೈಲಿ ಹೆಸರು ಅದಕ್ಕೆ. ಅವನು 1782ರಲ್ಲಿ ನಮ್ಮೂರಲ್ಲೇ ಸತ್ತ. ಕಮಾನು ಕಮಾನಿನ ತಣ್ಣನೆ ಕೋಣೆ, ಗೋಡೆಯಿಂದ ಚಾಚಿಕೊಂಡ ಕಲ್ಲುಗಳು, ಸರಪಳಿ ಹಾಕೋಕೆ ತೂತು. ಶಾಲೆ ಟ್ರಿಪ್‌ನಲ್ಲಿ ಅಲ್ಲಿ ಕೂಗಿ ಪ್ರತಿಧ್ವನಿ ಕೇಳಿದೋನು ನಾನು. ಹಾಗಾಗಿ ನಮ್ಮ ಕ್ಯಾಂಪೇನ್ ಯುರೋಪಿನ ಕಾಡಲ್ಲಿ ನಡೆಯೋದು ಬೇಡ, ಇಲ್ಲೇ ನಡೀಲಿ ಅಂತ ಠರಾವಾಯ್ತು. ಒಂದನ್ನ ಮಾತ್ರ ಬೇಕಂತಲೇ ಬಿಟ್ಟೆ, 1799ರ ಮುತ್ತಿಗೆ. ಟಿಪ್ಪು ಹೆಸರೆತ್ತಿದರೆ ಮೇಜಿನ ಮೇಲೆ ದಾಳ ಉರುಳಲ್ಲ, ವಾದ ಉರುಳುತ್ತೆ. ನಾವು ಸಂಜೆ ಬಸ್ ಹಿಡಿಯೋರು.

ಪಾಂಡವಪುರದವನು ಕುಂತಿಬೆಟ್ಟ ಕೊಟ್ಟ. ಅವನೂರಿಗೆ ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಅಂತಲೂ ಹೆಸರಿತ್ತು, ಹೈದರ್ ಮತ್ತು ಟಿಪ್ಪು ಕಾಲದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿದ್ದಕ್ಕೆ. "ನಮ್ಮೂರ ಹೆಸರೇ ಥರ್ಡ್ ಪಾರ್ಟಿ ಕಣ್ರೋ" ಅಂತ ನಗಾಡ್ತಾನೆ. ಕೆ.ಆರ್. ಪೇಟೆಯವನು ಕೊಟ್ಟಿದ್ದು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ. ಹೊಯ್ಸಳರದ್ದು, ಮೂರು ಗರ್ಭಗುಡಿ. ತಳಪಾದಿಯಲ್ಲಿ ಸಾಲುಸಾಲು ಆನೆ, ಕುದುರೆ, ರಾಮಾಯಣ, ಮಹಾಭಾರತ, ಆಮೇಲೆ ಮಕರ. ಮಕರ ನೋಡಿದ್ದೀರಲ್ಲ? ಸೊಂಡಿಲು ಆನೇದು, ಬಾಯಿ ಮೊಸಳೇದು, ಕಾಲು ಸಿಂಹದ್ದು, ಬಾಲ ನವಿಲಿಂದು. ಎಂಟುನೂರು ವರ್ಷದ ಹಿಂದೆಯೇ ನಮ್ಮ ಶಿಲ್ಪಿಗಳು ಮಾನ್‌ಸ್ಟರ್ ಡಿಸೈನ್ ಮಾಡಿಟ್ಟಿದ್ದಾರೆ. ನಾನು ಅದಕ್ಕೆ ದೈತ್ಯ ಮೊಸಳೆಯ ಅಂಕಿ ಜೋಡಿಸಿದೆ, ಎಸಿ 14, ಹಿಟ್ ಪಾಯಿಂಟ್ 85. ಚೆನ್ನಾಗಿ ಕಚ್ಚುತ್ತೆ.

ಈಗ ಥರ್ಡ್ ಪಾರ್ಟಿ ವಿಷಯ. ಮೂಲ ಆಟದ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್. ಅವರಲ್ಲದೆ ಬೇರೆಯವರು ಅದೇ ನಿಯಮಕ್ಕೆ ಹೊಂದೋ ಹಾಗೆ ಬರೆದಿದ್ದೆಲ್ಲ ಥರ್ಡ್ ಪಾರ್ಟಿ. ಕೋಬೋಲ್ಡ್ ಪ್ರೆಸ್‌ನವರ ಟೋಮ್ ಆಫ್ ಬೀಸ್ಟ್ಸ್ ಅಂಥದ್ದು. 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ಬಂದ ಮೇಲೆ ಇದಕ್ಕೆ ದಾರಿ ಸಲೀಸಾಯ್ತು. 2023ರ ಜನವರಿಯಲ್ಲಿ ಆ ಲೈಸೆನ್ಸನ್ನ ಬಿಗಿ ಮಾಡೋ ಕರಡು ಸೋರಿಕೆಯಾಯ್ತು, ಆಡೋರು ದೊಡ್ಡ ಗಲಾಟೆ ಎಬ್ಬಿಸಿದ್ರು. ಅದೇ ತಿಂಗಳು 27ಕ್ಕೆ ಕಂಪನಿ ಹಿಂದೆ ಸರೀತು, ಎಸ್‌ಆರ್‌ಡಿ 5.1 ಅನ್ನೋ ಮೂಲ ನಿಯಮಗಳ ಕಡತವನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟುಕೊಡ್ತು. ಅಂದ್ರೆ ಯಾರು ಬೇಕಾದ್ರೂ ಬಳಸಬಹುದು, ದುಡ್ಡಿಗೆ ಮಾರಲೂಬಹುದು. ಆದರೆ ಎಲ್ಲಿಂದ ತಗೊಂಡಿದ್ದು ಅಂತ ಹೆಸರು ಹಾಕಬೇಕು. ಎಲ್ಲವೂ ಅದರಲ್ಲಿಲ್ಲ ಅನ್ನೋದು ನೆನಪಿರಲಿ, ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದವನ್ನ ಕಂಪನಿ ತನ್ನ ಹತ್ರವೇ ಇಟ್ಕೊಂಡಿದೆ.

ಮನೇಲಿ ಕೂತು ನಾಲ್ಕು ಜನ ಆಡೋವಾಗ ಈ ಲೈಸೆನ್ಸ್ ಗೊಡವೆ ಹೆಚ್ಚೇನಿಲ್ಲ. ನೀವು ಬರೆದ ಸಾಹಸವನ್ನ ಪಿಡಿಎಫ್ ಮಾಡಿ ನೆಟ್‌ಗೆ ಹಾಕಿದ ಕ್ಷಣ ಅದು ಪ್ರಕಟಣೆ. ಮಹಾಭಾರತ ಎಲ್ಲರದು, ಆದರೆ ಇವತ್ತಿನ ಲೇಖಕರೊಬ್ಬರ ಅನುವಾದ ಅವರದ್ದು. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ.

ಲೈಸೆನ್ಸ್ ಸರಿ ಇದ್ದ ಮಾತ್ರಕ್ಕೆ ಸರಕು ಚೆನ್ನಾಗಿರುತ್ತೆ ಅಂತಲ್ಲ. ಕೆ.ಆರ್. ಪೇಟೆಯವನು ಎಲ್ಲಿಂದಲೋ ಒಂದು ಪುಕ್ಕಟೆ ಪಿಡಿಎಫ್ ತಂದ, ಹೊಸ ಬಿಲ್ಲುಗಾರನ ಕ್ಲಾಸ್. ನಾನು ಓದದೇ ಹೂಂ ಅಂದೆ. ಮೂರು ಭಾನುವಾರ ಬೇರೆ ಯಾರಿಗೂ ಕೆಲಸವೇ ಇಲ್ಲ. ಇವನು ಬಾಣ ಬಿಡೋದು, ಎದುರಿಗಿದ್ದೋರು ಬೀಳೋದು. ಪಾಂಡವಪುರದವನು ಫೋನ್ ನೋಡ್ಕೊಂಡು ಕೂರೋಕೆ ಶುರು ಮಾಡಿದ. ಆಮೇಲೆ ಒಂದು ಕರಾರು ಮಾಡ್ಕೊಂಡ್ವಿ. ಹೊರಗಿನ ಸರಕು ಒಂದು ಸಲಕ್ಕೆ ಒಂದೇ, ಮೊದಲು ನಾನು ಪೂರ್ತಿ ಓದಬೇಕು, ಎರಡು ವಾರ ಪರೀಕ್ಷೆಗೆ, ಸರಿ ಹೋಗದಿದ್ರೆ ಜಗಳವಿಲ್ಲದೆ ವಾಪಸ್. ಅವನು ಬಾಣದ ಲೆಕ್ಕ ಕಮ್ಮಿ ಮಾಡ್ಕೊಂಡ, ಎರಡು ದಿನ ಮುನಿಸ್ಕೊಂಡಿದ್ದ ಅಷ್ಟೇ.

ಇನ್ನು ನಾಗಮಂಗಲದ ಗೆಳತಿ. ಒಂದಿನ ಬಸ್ ಕಾಯೋವಾಗ, ಟೀ ಕುಡೀತಾ, ಅವಳೂರ ಹೊಲದಲ್ಲೊಂದು ಹಳೇ ಬಾವಿ ಇದೆ ಅಂದಳು. ಅದರಲ್ಲಿ ಒಬ್ಬ ಹೆಂಗಸು ಬಿದ್ದು ಹೋದಳಂತೆ, ಅಮಾವಾಸ್ಯೆ ರಾತ್ರಿ ರಾಟೆ ಸದ್ದು ಕೇಳುತ್ತಂತೆ. ನನಗೆ ಮೈ ಜುಂ ಅಂತು. ಯಾರು, ಯಾವಾಗ, ಏನಾಗಿತ್ತು ಅಂತ ನಾನು ಕೇಳಲಿಲ್ಲ. ಮನೆಗೆ ಬಂದು ಬರೆದುಬಿಟ್ಟೆ.

ಮುಂದಿನ ಭಾನುವಾರ ಅವಳಿಗೆ ಪರೀಕ್ಷೆ, ಬರಲಿಲ್ಲ. ಉಳಿದ ಇಬ್ಬರ ಜೊತೆ ಆ ಬಾವಿ ಅಧ್ಯಾಯ ಆಡಿದ್ವಿ. ಎಸ್‌ಆರ್‌ಡಿಯಲ್ಲಿರೋ ಭೂತದ ಅಂಕಿ ಹಾಕಿದ್ದೆ, ಎಸಿ 11, ಹಿಟ್ ಪಾಯಿಂಟ್ 45. ಮುಖ ನೋಡಿದವರು ಹೆದರಿ ಓಡಬೇಕು, ಕೆಲವರಿಗೆ ಅಲ್ಲೇ ಮುಪ್ಪು ಬರಬೇಕು. ಕೆ.ಆರ್. ಪೇಟೆಯವನ ಕೊನೇ ಬಾಣಕ್ಕೆ ಬಾವಿ ಹೆಂಗಸು ಸತ್ತಳು, ಇಬ್ಬರೂ ಎದ್ದು ನಿಂತು ಕಿರುಚಾಡಿದ್ರು. ನಮ್ಮ ಅತ್ಯುತ್ತಮ ಆಟ ಅಂತ ಅನ್ನಿಸ್ತು. ಆ ಜೋಶ್‌ನಲ್ಲೇ ಹದಿನಾಲ್ಕು ಪುಟದ ಪಿಡಿಎಫ್ ಮಾಡಿ ನೆಟ್‌ಗೆ ಹಾಕಿದೆ, ಗ್ರೂಪ್‌ಗೂ ಕಳಿಸಿದೆ. ಕೊನೇ ಪುಟದಲ್ಲಿ ಕ್ರೆಡಿಟ್ಸ್: ಎಸ್‌ಆರ್‌ಡಿ, ನಕ್ಷೆ ಬರೆದವರು, ಫಾಂಟ್ ಮಾಡಿದವರು. ಫಾಂಟ್ ಮಾಡಿದವರಿಗೂ ವಂದನೆ ಹೇಳಿದ್ದೆ, ನೋಡಿ.

ರಾತ್ರಿ ಹತ್ತಕ್ಕೆ ಅವಳ ಫೋನು.

"ಓದಿದೆ ಕಣೋ."

"ಹೆಂಗಿದೆ?"

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ, "ಬಾವಿಗೆ ಬಿದ್ದೋರು ನಮ್ಮಜ್ಜಿ ಅಕ್ಕ. ನೀನು ಅವರಿಗೆ ಕೋರೆಹಲ್ಲು ಬರೆದಿದೀಯ."

ಆಟದ ಮೇಜಿನ ಮೇಲೆ ಎಕ್ಸ್ ಕಾರ್ಡ್ ಅಂತ ಇಡ್ತಾರೆ, ಗೊತ್ತಿರಬಹುದು. ಯಾರಿಗಾದ್ರೂ ಸಹಿಸೋಕಾಗದ ವಿಷಯ ಬಂದ್ರೆ ಮುಟ್ಟಿದ್ರೆ ಸಾಕು, ಕಾರಣ ಕೇಳದೆ ಬಿಟ್ಟುಬಿಡಬೇಕು. ನಾವೂ ಇಡ್ತೀವಿ. ಆದರೆ ಮುಟ್ಟೋಕೆ ಅವಳು ಅಲ್ಲಿ ಇರಲೇ ಇಲ್ಲ, ಅವಳ ಅಜ್ಜಿಯಂತೂ ಯಾವತ್ತೂ ಇರೋದಿಲ್ಲ.

ಪಿಡಿಎಫ್ ಆ ರಾತ್ರಿಯೇ ತೆಗೆದೆ. ಅಷ್ಟರಲ್ಲಿ ಮೂವತ್ತು ಜನ ಇಳಿಸ್ಕೊಂಡಿದ್ರು, ಅವರ ಫೋನಲ್ಲಿ ಅದು ಹಾಗೇ ಇದೆ. ಅದಕ್ಕೆ ನನ್ನ ಹತ್ರ ಉಪಾಯವಿಲ್ಲ.

ಮುಂದಿನ ವಾರ ಅವಳ ಊರಿಗೆ ಹೋದೆ. ಕ್ಷಮೆ ಕೇಳೋಕೆ ಅಂತ ಬಸ್ಸಲ್ಲಿ ಮಾತು ಜೋಡಿಸ್ಕೊಂಡಿದ್ದೆ, ಅಜ್ಜಿ ಮುಂದೆ ಒಂದೂ ನೆನಪಾಗಲಿಲ್ಲ. ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ರು. ನಾನು ತೊದಲಿದ್ದನ್ನೆಲ್ಲ ಕೇಳಿಸ್ಕೊಂಡ್ರು.

"ಅದೇನ್ ಆಟ್ವೋ ನಂಗ್ ತಿಳೀದು ಕಣಪ್ಪ. ನೀರು ಸೇದಕ್ಕೆ ಹೋಗಿ ಕಾಲು ಜಾರ್ತು ನಮ್ಮಕ್ಕಂಗೆ. ಆಮ್ಯಾಕೆ ಊರೋರು ಒಬ್ಬೊಬ್ರು ಒಂದೊಂದು ಕಟ್ಟುದ್ರು. ಈಗ ನೀನೂ ಒಂದ್ ಕಟ್ಟಿದೀಯ."

ನಾನು ತಲೆ ತಗ್ಗಿಸ್ಕೊಂಡು ಕಾಯಿ ಸುಲಿಯೋಕೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದ್ರು, "ಕತೆ ಹೇಳ್ಕೊ, ಬ್ಯಾಡ ಅನ್ನಲ್ಲ. ದೆವ್ವ ಮಾತ್ರ ಮಾಡ್ಬ್ಯಾಡ. ಹೆಸ್ರೂ ಬ್ಯಾಡ. ಅವ್ಳು ಸೋಬಾನೆ ಪದ ಹೇಳೋಳು. ಸುತ್ತ ಯಾರ ಮನೆ ಮದುವೆ ಆದ್ರೂ ಇವ್ಳೇ ಬರ್ಬೇಕಿತ್ತು. ಅದನ್ನ ಹಾಕು."

ವಾಪಸ್ ಬರೋವಾಗ ಒಂದು ಸೇರು ಅವರೆಕಾಳು ಕಟ್ಟಿಕೊಟ್ರು.

ಬಾವಿ ಅಧ್ಯಾಯ ಹರಿದು ಹೊಸದಾಗಿ ಬರೆದೆ. ಈಗ ಅದರಲ್ಲಿ ಬಾವಿ ಇಲ್ಲ. ಮದುವೆ ಮನೆ ಇದೆ, ಹಾಡೋರು ಬಂದಿಲ್ಲ, ಹುಡುಕಿ ಕರ್ಕೊಂಡು ಬರಬೇಕು, ದಾರೀಲಿ ಹೊಳೆ ತುಂಬಿದೆ. ಬರೆದು ಮೊದಲು ಗೆಳತಿಗೆ ಕಳಿಸಿದೆ. ಎರಡು ಕಡೆ ತಿದ್ದಿದಳು. ಆ ಪಾತ್ರವನ್ನ ಡಿಎಂ ಆಡೋದು ಬೇಡ, ತಾನೇ ಆಡ್ತೀನಿ ಅಂದಳು. ಹೋದ ಭಾನುವಾರ ಆಡಿದ್ಲು. ನಾಲ್ಕು ಗಂಟೆ ಹೊತ್ತಿನಲ್ಲಿ ನಾವು ದಾಳ ಮುಟ್ಟಿದ್ದು ಎರಡೇ ಸಲ, ಎರಡೂ ಹೊಳೆ ದಾಟೋಕೆ. ಅದನ್ನ ಪಿಡಿಎಫ್ ಮಾಡೋದಾ ಬೇಡವಾ ಅಂತ ಅವಳು ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ.

ಬರೋ ವಾರ ಹೊಸಹೊಳಲಿನ ಮಕರದ ಜೊತೆ ಕಾಳಗ. ಕೆ.ಆರ್. ಪೇಟೆಯವನು ಮತ್ತೆ ಯಾವುದೋ ಪಿಡಿಎಫ್ ಕಳಿಸಿದ್ದಾನೆ, ಅರವತ್ತು ಪುಟ. ಓದ್ತಾ ಇದ್ದೀನಿ.