ಕಾಣದ ಒಲೆ

(ಬಾನುಲಿ ಭಾಷಣ)

ನಮ್ಮ ಹಳೆಯ ಮನೆಗಳಲ್ಲಿ ಬೆಂಕಿಗೆ ಒಂದು ಗೊತ್ತಾದ ಸ್ಥಳವಿರುತ್ತಿತ್ತು. ಅಡುಗೆಮನೆಯಲ್ಲಿ ಒಂದು ಒಲೆ, ಬಚ್ಚಲುಮನೆಯಲ್ಲಿ ಹಂಡೆಯ ಕೆಳಗೆ ಇನ್ನೊಂದು. ಎರಡೂ ಮನೆಯವರ ಕಣ್ಣೆದುರಿಗೇ ಉರಿಯುತ್ತಿದ್ದವು. ಸೌದೆ ಎಷ್ಟು ಉಳಿದಿದೆ, ಹೊಗೆ ಎತ್ತ ಹೋಗುತ್ತಿದೆ, ಕೆಂಡ ಆರಿತೇ ಇಲ್ಲವೇ ಎಂಬುದನ್ನು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. “ಉರಿ ಬಿಟ್ಟು ಏಳಬಾರದು” ಎಂಬುದು ಮೈಸೂರಿನ ನಮ್ಮ ಮನೆಯಲ್ಲಿ ನನ್ನ ತಾಯಿಯವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು. ಆ ಮಾತಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. ಅದೂ, ಬೆಂಕಿಯೇ ಕಣ್ಣಿಗೆ ಬೀಳದ ಒಂದು ಮನೆಯಲ್ಲಿ. ಆ ಮನೆಯ ಸಂಗತಿಯನ್ನೂ, ಎಣ್ಣೆ ಸುಟ್ಟು ಮನೆ ಕಾಯಿಸಿಕೊಳ್ಳುವವರ ಖರ್ಚು ಹಾಗೂ ಅಪಾಯಗಳನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಉದ್ಯೋಗದ ನಿಮಿತ್ತ ನಾನು ಕೆಲವು ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದೆ. ವೂಸ್ಟರ್ ನಗರಕ್ಕೆ ಉತ್ತರದಲ್ಲಿ, ಕಾಡು ಗುಡ್ಡಗಳ ನಡುವಣ ಒಂದು ಸಣ್ಣ ಊರು. ನವೆಂಬರಿನಿಂದ ಏಪ್ರಿಲಿನವರೆಗೂ ಅಲ್ಲಿ ಮನೆಯನ್ನು ಕಾಯಿಸದೆ ಬದುಕುವಂತಿಲ್ಲ. ಜನವರಿಯ ರಾತ್ರಿಗಳಲ್ಲಿ ಶಾಖ ನಿಂತರೆ ಮನುಷ್ಯರಿಗಿಂತ ಮೊದಲು ಗೋಡೆಯೊಳಗಿನ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಆ ಸೀಮೆಯ ಜನ ಒಂದು ಕಾಲಕ್ಕೆ ಸೌದೆಯನ್ನೂ ಅನಂತರ ಕಲ್ಲಿದ್ದಲನ್ನೂ ಉರಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಕಲ್ಲಿದ್ದಲಿನ ಬೂದಿ ಬಾಚುವ ಕಷ್ಟದಿಂದ ಬಿಡುಗಡೆ ಹೊಂದಿ, ಅಗ್ಗವಾಗಿದ್ದ ಎಣ್ಣೆಗೆ ತಿರುಗಿಕೊಂಡರು. ದೊಡ್ಡ ಊರುಗಳಿಗೆ ಅನಿಲದ ಕೊಳವೆಗಳು ಬಂದವು. ಹಳ್ಳಿಗಾಡಿನ ಮನೆಗಳಿಗೆ ಅವು ಬರಲಿಲ್ಲ. ಇಂದಿಗೂ ಆ ದೇಶದ ಸುಮಾರು 50 ಲಕ್ಷ ಮನೆಗಳು ಎಣ್ಣೆಯಿಂದಲೇ ಬೆಚ್ಚಗಿರುತ್ತವೆ. ಅವುಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಇರುವುದು ಈಶಾನ್ಯದ ಆ ಮೂಲೆಯಲ್ಲಿಯೇ.

ಈ ಎಣ್ಣೆ ನಮ್ಮ ಸೀಮೆಎಣ್ಣೆಯಲ್ಲ, ಆದರೆ ಅದರ ದಾಯಾದಿ. ಲಾರಿಗಳಿಗೆ ಹಾಕುವ ಡೀಸೆಲಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ರಸ್ತೆಯ ತೆರಿಗೆ ತಪ್ಪಿಸಿ ಯಾರೂ ವಾಹನಕ್ಕೆ ಸುರಿದುಕೊಳ್ಳಬಾರದೆಂದು ಇದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಮನೆಯ ನೆಲಮಾಳಿಗೆಯಲ್ಲಿ 275 ಗ್ಯಾಲನ್, ಎಂದರೆ ಸಾವಿರ ಲೀಟರಿಗೂ ಮಿಗಿಲಾಗಿ ಹಿಡಿಯುವ ಉಕ್ಕಿನ ಟ್ಯಾಂಕು. ಅಲ್ಲಿಂದ ಬೆರಳಿಗಿಂತ ತೆಳುವಾದ ತಾಮ್ರದ ಕೊಳವೆಯೊಂದು ಬಾಯ್ಲರಿಗೆ ಹೋಗುತ್ತದೆ. ಅಲ್ಲೊಂದು ಪಂಪು ಎಣ್ಣೆಯನ್ನು ಒತ್ತಿ ಸೂಕ್ಷ್ಮ ರಂಧ್ರದ ಮೂಲಕ ಮಂಜಿನಂತೆ ಚಿಮ್ಮಿಸುತ್ತದೆ. ವಿದ್ಯುತ್ತಿನ ಕಿಡಿ ಅದನ್ನು ಹೊತ್ತಿಸುತ್ತದೆ. ಉರಿಯ ಬೆಳಕನ್ನು ಗುರುತಿಸಲು ಒಂದು ಪುಟ್ಟ ಕಣ್ಣು ಕೂಡ ಉಂಟು. ನಿಮಿಷದೊಳಗಾಗಿ ಉರಿ ಕಾಣದಿದ್ದರೆ ಆ ಕಣ್ಣು ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಮನೆಯಲ್ಲಿ ಬೆಂಕಿಯನ್ನು ನೋಡುತ್ತಿರುವುದು ಅದೊಂದೇ. ಮೇಲಿನ ಕೋಣೆಗಳಲ್ಲಿರುವವರಿಗೆ ಗೋಡೆಯ ಮೇಲಿನ ಅಂಕಿ ಮಾತ್ರ ಗೊತ್ತು.

ಮೊದಲು ಖರ್ಚಿನ ಮಾತು. ನಮ್ಮ ಮನೆ ಹಳೆಯದು, ಸಂದಿಗೊಂದಿಗಳಲ್ಲಿ ಗಾಳಿ ನುಗ್ಗುವಂಥದು. ವರ್ಷಕ್ಕೆ 800 ಗ್ಯಾಲನ್, ಎಂದರೆ ಮೂರು ಸಾವಿರ ಲೀಟರು ಎಣ್ಣೆಯನ್ನು ಕುಡಿಯುತ್ತಿತ್ತು. ತಿಂಗಳಿಗೆ ಕೆಲವೇ ಲೀಟರು ಸೀಮೆಎಣ್ಣೆಗಾಗಿ ಪಡಿತರದ ಅಂಗಡಿಯ ಮುಂದೆ ಸಾಲುನಿಂತು ಸಂಸಾರ ತೂಗಿಸಿದ ನನ್ನ ತಾಯಿಯವರಿಗೆ ಈ ಲೆಕ್ಕ ಹೇಳಿದಾಗ ಅವರು ನಂಬಲೇ ಇಲ್ಲ. ಈ ಎಣ್ಣೆಯ ಬೆಲೆಯಾದರೋ ಆ ಊರಿನವರ ಕೈಯಲ್ಲಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದಾಗ ಪೀಪಾಯಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಏರಿತು. 1977ರ ಫೆಬ್ರವರಿಯಲ್ಲಿ ಇಂಧನದ ಕೊರತೆಯ ನಡುವೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಉಣ್ಣೆಯ ಸ್ವೆಟರ್ ತೊಟ್ಟು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಮನೆಗಳ ಶಾಖವನ್ನು ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿಕೊಳ್ಳಿರೆಂದು ದೇಶವನ್ನು ಬೇಡಿಕೊಂಡರು. 2022ರಲ್ಲಿ ಯುಕ್ರೇನಿನ ಯುದ್ಧ ಹೊತ್ತಿಕೊಂಡಾಗ ಅದೇ ಎಣ್ಣೆ ಗ್ಯಾಲನ್ನಿಗೆ 5 ಡಾಲರನ್ನು ದಾಟಿತು. ಎಲ್ಲಿಯೋ ಮರುಭೂಮಿಯಲ್ಲಿ, ಇನ್ನೆಲ್ಲಿಯೋ ರಣಭೂಮಿಯಲ್ಲಿ ನಡೆದದ್ದು ಗುಡ್ಡದ ಮೇಲಿನ ಒಂಟಿ ಮನೆಯ ಮುದುಕಿಯ ಹೊದಿಕೆಯನ್ನು ಎಳೆಯುತ್ತದೆ.

ನನ್ನ ಪಾಠ 2008ರದು. ಆ ಜುಲೈನಲ್ಲಿ ಕಚ್ಚಾ ತೈಲ ಪೀಪಾಯಿಗೆ 147 ಡಾಲರು ಮುಟ್ಟಿತು. ಚಳಿಗಾಲಕ್ಕೆ ಇನ್ನೇನು ಗತಿಯೆಂದು ಹೆದರಿ, ಅನೇಕರಂತೆ ನಾನೂ ಗ್ಯಾಲನ್ನಿಗೆ ನಾಲ್ಕೂವರೆ ಡಾಲರಿನಂತೆ ಇಡೀ ಚಳಿಗಾಲದ ಎಣ್ಣೆಗೆ ಕರಾರು ಬರೆದುಕೊಟ್ಟೆ. ಡಿಸೆಂಬರಿನ ವೇಳೆಗೆ ಜಗತ್ತಿನ ಹಣಕಾಸು ಕುಸಿದು ಬೆಲೆ ಎರಡೂವರೆ ಡಾಲರಿನ ಆಸುಪಾಸಿಗೆ ಬಂದಿತ್ತು. ನೆರೆಯವರು ಎರಡು ಸಾವಿರ ಡಾಲರಿಗೆ ಕೊಂಡದ್ದಕ್ಕೆ ನಾನು 3600 ಡಾಲರು ತೆರಬೇಕಾಯಿತು. ಹೀಗಿದ್ದರೂ ನನ್ನನ್ನು ಬಡವನೆನ್ನುವಂತಿರಲಿಲ್ಲ. ನಿಜವಾದ ಬಡವರ ಕಷ್ಟ ಬೇರೆ. ಲಾರಿಯವರು ಸಾಮಾನ್ಯವಾಗಿ ನೂರು ಗ್ಯಾಲನ್ನಿಗಿಂತ ಕಡಿಮೆ ತರುವುದಿಲ್ಲ. ಅಷ್ಟು ಹಣ ಒಮ್ಮೆಗೆ ಇಲ್ಲದವರು ಪೆಟ್ರೋಲ್ ಬಂಕಿನಿಂದ ಐದು ಗ್ಯಾಲನ್ನಿನ ಡಬ್ಬದಲ್ಲಿ ಡೀಸೆಲನ್ನೇ, ಹೆಚ್ಚಿನ ಬೆಲೆಗೆ, ಕೊಂಡುತಂದು ಟ್ಯಾಂಕಿಗೆ ಸುರಿಯುತ್ತಾರೆ. ಚಿಲ್ಲರೆಯಲ್ಲಿ ಕೊಳ್ಳುವವನಿಗೇ ದರ ಹೆಚ್ಚು ಎಂಬ ನ್ಯಾಯ ಎಲ್ಲ ದೇಶಗಳಲ್ಲಿಯೂ ಒಂದೇ.

ಆ ವರ್ಷದ ಶರತ್ಕಾಲದಲ್ಲಿ ತಾಯಿಯವರು ನಮ್ಮಲ್ಲಿಗೆ ಬಂದಿದ್ದರು. ಡಿಸೆಂಬರ್ 11ರ ರಾತ್ರಿ ನಮ್ಮ ಪ್ರಾಂತದ ಮೇಲೆ ಮಂಜಿನ ಮಳೆ ಸುರಿಯಿತು. ಬಿದ್ದ ನೀರು ಬಿದ್ದಲ್ಲಿಯೇ ಗಾಜಾಗಿ, ಅದರ ಭಾರಕ್ಕೆ ಮರಗಳು ರಾತ್ರಿಯೆಲ್ಲ ಗುಂಡು ಹಾರಿದಂತೆ ಸಿಡಿದು ಮುರಿದವು. ಬೆಳಗಾಗುವ ಹೊತ್ತಿಗೆ ವಿದ್ಯುತ್ತಿಲ್ಲ. ನ್ಯೂ ಇಂಗ್ಲೆಂಡಿನ ಸುತ್ತಮುತ್ತ ಹತ್ತು ಲಕ್ಷಕ್ಕೂ ಹೆಚ್ಚು ಮನೆ ಮಳಿಗೆಗಳು ಕತ್ತಲಲ್ಲಿದ್ದವು. ಟ್ಯಾಂಕಿನ ತುಂಬ ಎಣ್ಣೆಯಿದ್ದೂ ನಮ್ಮ ಮನೆ ತಣ್ಣಗಾಗತೊಡಗಿತು. ಪಂಪಿಗೆ ಕರೆಂಟು ಬೇಕು, ಕಿಡಿಗೆ ಕರೆಂಟು ಬೇಕು, ಬಿಸಿನೀರನ್ನು ಕೋಣೆ ಕೋಣೆಗೆ ತಿರುಗಿಸಲೂ ಕರೆಂಟು ಬೇಕು. ಸಾವಿರ ಲೀಟರು ಇಂಧನದ ಮೇಲೆ ಕುಳಿತು ನಾವು ನಡುಗುತ್ತಿದ್ದೆವು.

ನಮ್ಮನ್ನು ಕರೆದೊಯ್ದವರು ಪಕ್ಕದ ಮನೆಯ ವೃದ್ಧರು. ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತರಾದ, ಮಿತಭಾಷಿಯಾದ ಮನುಷ್ಯ. ಅವರ ನಡುಮನೆಯಲ್ಲಿ ಎರಕದ ಕಬ್ಬಿಣದ ಸೌದೆಯ ಒಲೆಯೊಂದಿತ್ತು. ಆರು ದಿನ ನಾವೆಲ್ಲ ಅದರ ಸುತ್ತಲೇ ಮಲಗಿದೆವು, ಅದರ ಮೇಲೆಯೇ ಅನ್ನ ಬೇಯಿಸಿದೆವು. ಇಂಗ್ಲಿಷು ಬಾರದ ನನ್ನ ತಾಯಿಯವರೂ ಕನ್ನಡದ ಗಂಧವಿಲ್ಲದ ಆ ಹಿರಿಯರೂ ಸರದಿಯಂತೆ ಸೌದೆ ಮುಂದಕ್ಕೆ ತಳ್ಳುತ್ತಿದ್ದುದನ್ನು ನಾನು ಮರೆಯಲಾರೆ. ಅಮೆರಿಕಕ್ಕೆ ಬಂದ ಮೇಲೆ ತಾಯಿಯವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಕಂಡದ್ದು ಆಗಲೇ.

ಏಳನೆಯ ದಿನ ವಿದ್ಯುತ್ತು ಬಂದಿತು. ಮನೆಗೆ ಮರಳಿ ಬಾಯ್ಲರಿನ ಗುಂಡಿ ಒತ್ತಿದೆ. ಹೊತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಒತ್ತಿದೆ. ಅನಂತರ ಬಂದ ರಿಪೇರಿಯವನು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡ. ಒಂದೊಂದು ಸಲ ಒತ್ತಿದಾಗಲೂ ಉರಿಯದ ಎಣ್ಣೆ ಒಳಗೆ ಶೇಖರವಾಗುತ್ತದೆ. ಕೊನೆಗೊಮ್ಮೆ ಕಿಡಿ ತಗುಲಿದರೆ ಅದಷ್ಟೂ ಒಟ್ಟಿಗೆ ಭುಗಿಲೆದ್ದು ಮನೆಯನ್ನೆಲ್ಲ ಮಸಿ ಮಾಡುತ್ತದೆ, ಒಮ್ಮೊಮ್ಮೆ ಬಾಯ್ಲರನ್ನೇ ಒಡೆಯುತ್ತದೆ. ಒಮ್ಮೆ ಮಾತ್ರ ಒತ್ತಬೇಕು. ಹೊತ್ತದಿದ್ದರೆ ತಿಳಿದವರನ್ನು ಕರೆಯಬೇಕು. ಆತ ಎಲ್ಲವನ್ನೂ ಶುಚಿಮಾಡಿ ಹೊತ್ತಿಸಿಕೊಟ್ಟು ಹೋದ.

ಎರಡು ದಿನ ಕಳೆದಿರಬಹುದು. ಬಟ್ಟೆ ಒಗೆಯಲೆಂದು ನೆಲಮಾಳಿಗೆಗೆ ಇಳಿದ ತಾಯಿಯವರು ಮೇಲೆ ಬಂದು, “ಏನೋ ಇದು, ಕೆಳಗೆ ಸೀಮೆಎಣ್ಣೆ ಚೆಲ್ಲಿದ ವಾಸನೆ ಬರ್ತಿದೆಯಲ್ಲೋ?” ಎಂದರು.

“ಇಲ್ಲಮ್ಮ, ಇಲ್ಲಿಯ ನೆಲಮಾಳಿಗೆಗಳೆಲ್ಲ ಹೀಗೇ. ಮೊನ್ನೆ ರಿಪೇರಿ ಮಾಡಿದರಲ್ಲ, ಅದರದಿರಬೇಕು” ಎಂದೆ.

ವಾರ ಬಿಟ್ಟು ಮತ್ತೆ ಹೇಳಿದರು. ಮೂವತ್ತು ವರ್ಷ ಸ್ಟವ್ವಿನ ಮುಂದೆ ಕುಳಿತ ಮೂಗು ಅದು. ನಾನೋ, ಯಂತ್ರಗಳನ್ನು ಬಲ್ಲ ಮಗ. ಎರಡನೆಯ ಸಲವೂ ನಕ್ಕು ಸುಮ್ಮನಾದೆ. ಜನವರಿಯ ಕೊನೆಗೆ ಎಣ್ಣೆಯ ಲಾರಿಯವನು ಟ್ಯಾಂಕು ತುಂಬಿಸಿ ರಸೀದಿ ಕೊಡುವಾಗ, “ಈ ಚಳಿಗೂ ಇಷ್ಟು ಹಿಡಿಯಬಾರದಿತ್ತು” ಎಂದ. ಆಗ ಎದೆ ಧಸಕ್ಕೆಂದಿತು.

ಆ ತಾಮ್ರದ ಕೊಳವೆ ನಮ್ಮ ಮನೆಯಲ್ಲಿ ಕಾಂಕ್ರೀಟಿನ ನೆಲದೊಳಗೆ ಹಾದುಹೋಗಿತ್ತು. ಅದಕ್ಕೆ ಕವಚವಿರಲಿಲ್ಲ. ಸುಣ್ಣ ಸಿಮೆಂಟಿನ ತೇವ ವರ್ಷಾನುಗಟ್ಟಲೆ ತಿಂದು ಸೂಜಿಮೊನೆಯಷ್ಟು ತೂತಾಗಿತ್ತು. ಎಣ್ಣೆ ನೆಲದ ಮೇಲೆ ಒಂದು ಹನಿಯೂ ಕಾಣದಂತೆ ಕೆಳಗಿನ ಮಣ್ಣಿಗೆ ಇಳಿಯುತ್ತಿತ್ತು. ಅಲ್ಲಿಯ ಕಾನೂನಿನಂತೆ 10 ಗ್ಯಾಲನ್ ಅಥವಾ ಅದಕ್ಕಿಂತ ಹೆಚ್ಚು ಎಣ್ಣೆ ಚೆಲ್ಲಿದ್ದು ತಿಳಿದರೆ ಎರಡು ಗಂಟೆಯೊಳಗಾಗಿ ರಾಜ್ಯದ ಪರಿಸರ ಇಲಾಖೆಗೆ ತಿಳಿಸಬೇಕು. ತಿಳಿಸಿದೆವು. ನೆಲವನ್ನು ಒಡೆದರು, ಮಣ್ಣನ್ನು ಅಗೆದು ಲಾರಿಗಳಲ್ಲಿ ಸಾಗಿಸಿದರು. ಮನೆಯ ವಿಮೆಯವರಿಗೆ ಬರೆದುಕೊಂಡರೆ, ಮಾಲಿನ್ಯದಿಂದಾದ ನಷ್ಟ ಕರಾರಿನಲ್ಲಿ ಸೇರಿಲ್ಲವೆಂದು ಒಂದು ಪುಟದ ಉತ್ತರ ಬಂದಿತು. ಕರಾರನ್ನು ತೆಗೆದು ಓದಿದೆ. ಅವರ ಮಾತು ನಿಜವಾಗಿತ್ತು. ನಲವತ್ತು ಸಾವಿರ ಡಾಲರು, ನಾವು ಕೂಡಿಟ್ಟದ್ದೆಲ್ಲವೂ, ನೆಲದ ಕೆಳಗೆ ಹೋಯಿತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಹಣವಲ್ಲ. ಆ ಊರಿನಲ್ಲಿ ನಲ್ಲಿಯ ನೀರಿಲ್ಲ. ಪ್ರತಿಯೊಂದು ಮನೆಗೂ ಅದರದೇ ಬಾವಿ. ನಮ್ಮ ಮನೆಯ ಇಳಿಜಾರಿನ ಕೆಳಗೆ, ನೂರು ಹೆಜ್ಜೆಯ ಅಂತರದಲ್ಲಿ, ಆ ವೃದ್ಧರ ಬಾವಿಯಿತ್ತು. ಚಳಿಯಲ್ಲಿ ತಮ್ಮ ಒಲೆಯ ಮುಂದೆ ನಮಗೆ ಜಾಗ ಕೊಟ್ಟವರ ನೀರಿಗೆ ನಮ್ಮ ಎಣ್ಣೆ ಸೇರಿರಬಹುದೆಂದು ನಾನೇ ಹೋಗಿ ಅವರಿಗೆ ಹೇಳಬೇಕಾಯಿತು. ಅಂಥ ಮಾತನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪರೀಕ್ಷೆಯ ಫಲ ಬರಲಿ ಎಂದಷ್ಟೇ ಹೇಳಿದರು. ಎರಡು ತಿಂಗಳು, ವಾರಕ್ಕೆರಡು ಸಲ, ಅವರ ಬಾಗಿಲಿಗೆ ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತು ಹಾಕಿದೆ. ಮೂರು ಸಲ ನೀರನ್ನು ಪರೀಕ್ಷಿಸಿದರು. ಮೂರು ಸಲವೂ ಶುದ್ಧವೆಂದು ಬಂದಿತು. ನಾವು ಪಾರಾದೆವು. ತಾಯಿಯವರ ಮಾತನ್ನು ಮೊದಲ ದಿನವೇ ಕೇಳಿದ್ದರೆ ಅವರು ಆ ಎರಡು ತಿಂಗಳು ತಮ್ಮ ಬಾವಿಯ ನೀರಿಗೆ ಹೆದರಬೇಕಾಗಿರಲಿಲ್ಲ.

ಇನ್ನೊಂದು ಅಪಾಯಕ್ಕೆ ವಾಸನೆಯೂ ಇಲ್ಲ. ಹೊಗೆಯ ದಾರಿ ಮಸಿಯಿಂದಲೋ ಹಿಮದಿಂದಲೋ ಕಟ್ಟಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಕ್ಕೆ ತಿರುಗುತ್ತದೆ, ಮಲಗಿದವರು ಏಳುವುದಿಲ್ಲ. 2006ರ ಮಾರ್ಚ್ 31ರಿಂದ ಮ್ಯಾಸಚೂಸೆಟ್ಸಿನಲ್ಲಿ ಇಂಧನ ಉರಿಸುವ ಮನೆಗಳಲ್ಲಿ ಅದನ್ನು ಗುರುತಿಸಿ ಕೂಗುವ ಗಂಟೆ ಇರಲೇಬೇಕೆಂದು ಕಾನೂನಾಯಿತು. ಕೊಳವೆಯ ವಿಷಯದಲ್ಲಿಯೂ ಕಾನೂನು ಬಂದಿತು, ನಮಗೆ ತಡವಾಗಿ. 2011ರ ಸೆಪ್ಟೆಂಬರ್ 30ರೊಳಗೆ ಎಲ್ಲರೂ ಕೊಳವೆಗೆ ಕವಚವನ್ನಾಗಲಿ ಟ್ಯಾಂಕಿನ ಬಳಿ ಸುರಕ್ಷತೆಯ ಕವಾಟವನ್ನಾಗಲಿ ಹಾಕಿಸಬೇಕೆಂದು ವಿಧಿಸಿದರು. ಸೋರಿಕೆಗೂ ವಿಮೆಯ ಅವಕಾಶ ಮಾಡಿಸಿದರು. ಆ ಕೆಲಸಕ್ಕೆ ತಗಲುವುದು ಕೆಲವು ನೂರು ಡಾಲರು ಮಾತ್ರ. ಈಗೀಗ ಅನೇಕರು ಎಣ್ಣೆಯನ್ನೇ ಬಿಟ್ಟು, ಹೊರಗಿನ ಗಾಳಿಯ ಶಾಖವನ್ನು ಒಳಕ್ಕೆ ತರುವ ವಿದ್ಯುತ್ ಯಂತ್ರಗಳಿಗೆ ತಿರುಗುತ್ತಿದ್ದಾರೆ. ಮೇಯ್ನ್ ರಾಜ್ಯ 2025ರೊಳಗೆ ಅಂಥ ಒಂದು ಲಕ್ಷ ಯಂತ್ರಗಳನ್ನು ಹಾಕಿಸುವ ಗುರಿಯಿಟ್ಟು, 2023ರಲ್ಲಿಯೇ ಅದನ್ನು ಮುಟ್ಟಿತು. ಅವುಗಳಿಗೂ ಕರೆಂಟು ಬೇಕೆಂಬುದನ್ನು ಮಂಜಿನ ಮಳೆಯ ಊರಿನವರು ಮರೆಯಲಾರರು. ಎಣ್ಣೆ ಹೋದರೂ ಕೆಲವರು ನಡುಮನೆಯ ಸೌದೆಯ ಒಲೆಯನ್ನು ಉಳಿಸಿಕೊಂಡಿರುವುದು ಅದಕ್ಕೇ.

ಈಗ ನಾನು ಮೈಸೂರಿನಲ್ಲಿದ್ದೇನೆ. ತಾಯಿಯವರು ಇಲ್ಲ. ನಮ್ಮಲ್ಲಿ ಮನೆ ಕಾಯಿಸುವ ಅಗತ್ಯವಿಲ್ಲ. ಆದರೆ ಬೆಂಕಿ ನಮ್ಮ ಮನೆಗಳಲ್ಲಿಯೂ ಮರೆಗೆ ಸರಿದಿದೆ. ಗ್ಯಾಸು ಸಿಲಿಂಡರಿನೊಳಗಿದೆ, ಬಚ್ಚಲಿನ ಗೀಸರು ಗೋಡೆಯ ಮೇಲಿದೆ. ಅನುಕೂಲವೇನೋ ನಿಜ, ಹಿಂದಿನ ಹೊಗೆ ಯಾರಿಗೂ ಬೇಡ. ಆದರೆ ಒಲೆಯನ್ನು ನೋಡಿಕೊಳ್ಳುವ ಕೆಲಸ ಒಲೆಯೊಡನೆ ಹೋಗಲಿಲ್ಲ. ಕೊಳವೆಯನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡಬೇಕು, ಕರಾರಿನ ಸಣ್ಣ ಅಕ್ಷರಗಳನ್ನು ಓದಬೇಕು, ಮನೆಯಲ್ಲಿ ಯಾರಾದರೂ “ಏನೋ ವಾಸನೆ” ಎಂದರೆ ಅವರು ಯಾರೇ ಆಗಿರಲಿ ಎದ್ದು ಹೋಗಿ ನೋಡಬೇಕು. ರಾತ್ರಿ ಮಲಗುವ ಮುನ್ನ ಸಿಲಿಂಡರಿನ ಬಳಿ ಬಗ್ಗಿ ನೋಡದೆ ನಾನು ದೀಪ ಆರಿಸುವುದಿಲ್ಲ. ನನ್ನ ಮೊಮ್ಮಗಳು ನಗುತ್ತಾಳೆ. ನಗಲಿ, ನಾನೂ ಒಮ್ಮೆ ನಕ್ಕವನೇ.